ದೀಕ್ಷಾಸ್ನಾನದ ಮರುದಿನ

ದೀಕ್ಷಾಸ್ನಾನ ಮುಗಿಯುವುದಕ್ಕೆ ಹೆಚ್ಚು ಹೊತ್ತು ಬೇಡ. ಸಭಾಪಾಲಕರ ಕೆಲವು ಪ್ರಶ್ನೆ, ಅದಕ್ಕೆ ಉತ್ತರ, ತಲೆಯ ಮೇಲೆ ನೀರು, ಹಳೆಯ ಹೆಸರಿನ ಹಿಂದೊಂದು ಹೊಸ ಹೆಸರು. ಕಷ್ಟ ಶುರುವಾಗುತ್ತಿದ್ದುದು ಮರುದಿನ ಬೆಳಗ್ಗೆ. ಹತ್ತೊಂಬತ್ತನೆಯ ಶತಮಾನದ ಮಂಗಳೂರಿನಲ್ಲಿ ಹಾಗೆ ಕ್ರೈಸ್ತನಾದವನಿಗೆ ಎಷ್ಟೋ ಸಲ ಹುಟ್ಟಿದ ಮನೆಯ ಬಾಗಿಲೇ ಮುಚ್ಚುತ್ತಿತ್ತು. ಜಾತಿಯೊಡನೆ ಕಸುಬೂ ಹೋಗುತ್ತಿತ್ತು, ಗೇಣಿಗೆ ಹಿಡಿದ ಗದ್ದೆಯೂ ಕೈತಪ್ಪುತ್ತಿತ್ತು. ಹೊಟ್ಟೆ ಮಾತ್ರ ಹಿಂದಿನದೇ.

ಆ ಹೊಟ್ಟೆಗೆ ಗಂಜಿ ಎಲ್ಲಿಂದ ಎಂಬ ಪ್ರಶ್ನೆ ಬಲ್ಮಠದ ಸಭೆಯನ್ನು ರೂಪಿಸಿದಷ್ಟು ಯಾವ ಪ್ರಸಂಗವೂ ರೂಪಿಸಲಿಲ್ಲ ಎಂದು ನನ್ನ ನಂಬಿಕೆ. ಹಂಪನಕಟ್ಟೆಯ ಗದ್ದಲ ದಾಟಿ ಏರು ಹತ್ತಿದರೆ ಬಲ್ಮಠ. ಅಲ್ಲಿರುವ ಶಾಂತಿ ಕೆಥೆಡ್ರಲ್ 1862ರದು. ಬಾಸೆಲ್ ಮಿಶನ್ನಿನ ಮಾತು ಬಂದಾಗ ನಾವು ಸಾಮಾನ್ಯವಾಗಿ ಮೊದಲ ಪತ್ರಿಕೆ, ಕಿಟೆಲರ ನಿಘಂಟು, ಮಂಗಳೂರು ಹಂಚು ಎಂದು ಮೂರು ಬೆರಳು ಮಡಚಿ ಮುಗಿಸುತ್ತೇವೆ. ಇವು ಮೂರೂ ಒಂದು ಸಭೆಯ ಬದುಕಿನೊಳಗಿಂದ ಬಂದವು. ಆ ಸಭೆಯಲ್ಲಿ ಕೂತು ತುಳು ಮನೆಮಾತಿನ ಜನ ಕನ್ನಡದಲ್ಲಿ ಪ್ರಾರ್ಥಿಸಿದರು, ವಾರವಿಡೀ ಮಣ್ಣು ತುಳಿದರು, ಮಗ್ಗ ನೆಯ್ದರು, ಅಚ್ಚಿನ ಮೊಳೆ ಜೋಡಿಸಿದರು. ಆ ಜನರ ಕಥೆಯನ್ನು ಬಿಟ್ಟು ಹಂಚು, ನಿಘಂಟುಗಳನ್ನಷ್ಟೇ ಹೊಗಳುವುದು ನನಗೆ ಸರಿಕಾಣುವುದಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಈ ಮಿಶನ್ ಹುಟ್ಟಿದ್ದು 1815ರಲ್ಲಿ. ಅದಕ್ಕೆ ಕಾಣಿಕೆ ಕೊಟ್ಟವರಲ್ಲೂ, ಅದರಿಂದ ಹೊರಟವರಲ್ಲೂ ಬಹಳ ಮಂದಿ ನೆರೆಯ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನವರು. ರೈತರು, ನೇಕಾರರು, ಸಣ್ಣ ಊರುಗಳ ಕುಶಲಕರ್ಮಿಗಳು; ದುಡಿಮೆಯನ್ನೂ ಭಕ್ತಿಯನ್ನೂ ಬೇರೆ ಬೇರೆ ಎಂದು ಎಣಿಸದ ಜನ. ಬ್ರಿಟಿಷರಲ್ಲದ ಮಿಶನ್‌ಗಳಿಗೂ ಕಂಪನಿ ಸರಕಾರದ ಸೀಮೆಯ ಬಾಗಿಲು ತೆರೆದದ್ದು 1833ರ ಸನ್ನದು ಕಾಯ್ದೆ. ಮರುವರ್ಷದ ಅಕ್ಟೋಬರಿನಲ್ಲಿ ಸಾಮ್ಯುವೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿಳಿದು ಮಂಗಳೂರಿಗೆ ಬಂದರು. ಊರಿನಲ್ಲಿ ಆಗಲೇ ಶತಮಾನಗಳ ಹಳೆಯ ಕೊಂಕಣಿ ಕ್ಯಾಥೊಲಿಕ್ ಸಮುದಾಯವಿತ್ತು, ಟಿಪ್ಪುವಿನ ಕಾಲದ ಸೆರೆವಾಸದಿಂದ ಮರಳಿ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡವರು. ಕ್ರಿಸ್ತನ ಹೆಸರು ಮಂಗಳೂರಿಗೆ ಹೊಸದಲ್ಲ. ಕನ್ನಡ, ತುಳುಗಳಲ್ಲಿ ಆ ಹೆಸರಿನ ಆರಾಧನೆ ಹೊಸದಾಗಿತ್ತು.

1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಇವರಲ್ಲಿ ಬಹಳ ದೊಡ್ಡ ಮನಸ್ಸಿನವರು. ಬ್ಲೇರ್ ಎಂಬ ಅಧಿಕಾರಿ ಬಲ್ಮಠದ ತನ್ನ ಆಸ್ತಿಯನ್ನು 1840ರ ಸುಮಾರಿಗೆ ಮಿಶನ್ನಿಗೆ ಕೊಟ್ಟ ಮೇಲೆ ಆ ಗುಡ್ಡ ಮಿಶನ್ನಿನ ಕೇಂದ್ರವಾಯಿತು. ಮೋಗ್ಲಿಂಗ್ ಹುಡುಗರ ಜತೆಗೇ ಇದ್ದು ಅವರಿಗೆ ಕಲಿಸಿದರು, ಅವರಿಂದ ಕಲಿತರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. ಸುವಾರ್ತೆ ಸಾರಲು ಬಂದ ಮನುಷ್ಯ ಊರ ವರ್ತಮಾನ, ಸರಕಾರದ ನಿರೂಪ, ಕಥೆ ಎಲ್ಲವನ್ನೂ ಜನರ ಕೈಗೆ ಕೊಟ್ಟರು. ಮುಂದಿನ ವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಆ ವರ್ಷ, 1844ರ ಜನವರಿಯಲ್ಲಿ, ಊರನ್ನೇ ಅಲುಗಿಸಿದ ಇನ್ನೊಂದು ಸಂಗತಿ ನಡೆಯಿತು. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಮತ್ತಿಬ್ಬರೊಡನೆ ದೀಕ್ಷಾಸ್ನಾನ ಪಡೆದ. ಮಂಗಳೂರು ಕೆರಳಿತು. ಇಂಗ್ಲಿಷ್ ಕಲಿಯಲಿ ಎಂದು ಕಳಿಸಿದ ಮಕ್ಕಳು ಕುಲವನ್ನೇ ಬಿಟ್ಟರಲ್ಲ ಎಂಬ ಹೆತ್ತವರ ಸಂಕಟ ಸುಳ್ಳಲ್ಲ. ಈ ಇತಿಹಾಸ ಬರೆಯುವವರು ಅದನ್ನು ಬರೀ ‘ವಿರೋಧ’ ಎಂದು ಒಂದು ಸಾಲಿನಲ್ಲಿ ದಾಟಿಸಬಾರದು. ಕೌಂಡಿನ್ಯರ ಪತ್ನಿ ಅವರ ಹಾದಿಗೆ ಬರಲಿಲ್ಲ. ಆಕೆಗಾಗಿ ವರ್ಷಗಟ್ಟಲೆ ಕಾದ ಅವರು ಕೊನೆಗೆ ಜರ್ಮನಿಯ ಯುವತಿಯನ್ನು ಮದುವೆಯಾದರು. ನಡುವೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷಿತರಾಗಿ ಮರಳಿ, ಯುರೋಪಿಯನ್ ಮಿಶನರಿಗಳ ಸರಿಸಮಕ್ಕೆ ಕೂತು ಕೆಲಸ ಮಾಡಿದರು. ಕೊಡಗಿನ ಆನಂದಪುರ, ದಲಿತ ಕುಟುಂಬಗಳಿಗಾಗಿ ಎದ್ದ ಆ ನೆಲೆ, ಇವರ ಹೆಸರಿನದೇ.

ಕೌಂಡಿನ್ಯರಿಗೆ ವಿದ್ಯೆ ಇತ್ತು, ಮಿಶನ್ನಿನಲ್ಲಿ ಸ್ಥಾನವಿತ್ತು. ಆದರೆ ಸಭೆಗೆ ಬಂದವರಲ್ಲಿ ಹೆಚ್ಚಿನವರು ಬಿಲ್ಲವರು. ತಾಳೆ, ತೆಂಗಿನ ಮರವೇರಿ ಶೇಂದಿ ಇಳಿಸುವುದು ಅವರಲ್ಲಿ ಅನೇಕರ ಬದುಕು. ಮಿಶನ್ನಿನವರಿಗೆ ಶೇಂದಿಯೂ ಪಾಪ, ಅದು ನೈವೇದ್ಯವಾಗುವ ಭೂತಾರಾಧನೆಯೂ ಪಾಪ. ಮರ ಏರುವುದನ್ನು ಬಿಡು ಎಂದರು. ಬಿಟ್ಟು ಏನು ಮಾಡಬೇಕು? ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಇಡೀ ಕುಟುಂಬದ್ದು, ಹೆಣ್ಣಿನ ಸಂತಾನದಲ್ಲಿ ಇಳಿದು ಬರುವಂಥದ್ದು. ಒಬ್ಬನೇ ಎದ್ದು ನನ್ನ ಪಾಲು ಕೊಡಿ ಎಂದು ಕೇಳುವ ಹಾಗಿರಲಿಲ್ಲ. ಮತಾಂತರವಾದವರ ಹಕ್ಕು ಹೋಗಬಾರದೆಂದು 1850ರಲ್ಲಿ ಕಾಯ್ದೆಯೇನೋ ಬಂತು. ಅವಿಭಕ್ತ ಮನೆಯಿಂದ ಹೊರಬಿದ್ದವನಿಗೆ ಅದರಿಂದ ಒಂದು ಮುಡಿ ಅಕ್ಕಿಯೂ ಹುಟ್ಟುತ್ತಿರಲಿಲ್ಲ.

ಮಿಶನ್ ಮೊದಲು ಬೇಸಾಯಕ್ಕೆ ಹಚ್ಚಿ ನೋಡಿತು. ಅದು ಏಳಲಿಲ್ಲ. ಬಡಗಿತನ, ಗಡಿಯಾರದ ಕೆಲಸ ಕಲಿಸಿತು. ಅದರಿಂದ ನಾಲ್ಕಾರು ಮನೆ ನಡೆಯಬಹುದು, ಒಂದು ಸಭೆ ನಡೆಯುವುದಿಲ್ಲ. 1851ರಲ್ಲಿ ಹಾಲರ್ ಎಂಬ ನೇಕಾರ ಯುರೋಪಿನಿಂದ ಬಂದ ಮೇಲೆ ಮಗ್ಗಗಳು ಗಟ್ಟಿಯಾಗಿ ನಿಂತವು. ಬಣ್ಣ ಹಾಕುವ ವಿದ್ಯೆಯಲ್ಲೂ ಆತ ನಿಪುಣ. ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುವುದುಂಟು. 1840ರ ದಶಕದಲ್ಲೇ ವಾಯವ್ಯ ಗಡಿಯ ಗೈಡ್ಸ್ ಪಡೆ ಖಾಕಿ ತೊಟ್ಟಿತ್ತು, ಆದ್ದರಿಂದ ಆ ಮಾತನ್ನು ಸ್ವಲ್ಪ ತಗ್ಗಿಸಬೇಕು. ಬಾಸೆಲ್ ಮಗ್ಗದ ಬಣ್ಣ ಬಿಡದ ಗಟ್ಟಿ ಖಾಕಿ ಬಟ್ಟೆಗೆ ಒಳ್ಳೆಯ ಹೆಸರಿತ್ತು ಎಂಬುದಂತೂ ನಿಜ, ಹೆಮ್ಮೆಪಡಲು ಅಷ್ಟು ಸಾಕು.

ಇನ್ನು ಹಂಚು. ಗ್ಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು ಮುದ್ರಣಾಲಯದ ಕೆಲಸಕ್ಕೆ. ಯಂತ್ರ ಬಲ್ಲ ಆ ಮನುಷ್ಯನ ಕಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನ ಮೇಲೆ ಬಿತ್ತು. ಪ್ರಯೋಗ ಮಾಡಿದರು, ಊರಿಗೆ ಹೋಗಿ ಕುಂಬಾರಿಕೆಯ ತಂತ್ರ ಕಲಿತು ಬಂದರು, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಇಟ್ಟರು. ಅಲ್ಲಿಯ ತನಕ ಕರಾವಳಿಯ ಬಡವರ ಮಾಡು ಎಂದರೆ ಮುಳಿಹುಲ್ಲು ಅಥವಾ ತೆಂಗಿನ ಮಡಲು, ಉಳ್ಳವರದು ಕುಂಬಾರರ ನಾಡಹಂಚು. ಮುಳಿಹುಲ್ಲಿಗೆ ಬೆಂಕಿಯ ಭಯ, ಮಡಲಿಗೆ ಗೆದ್ದಲಿನ ಕಾಟ, ನಾಡಹಂಚನ್ನು ಪ್ರತಿ ಮಳೆಗಾಲದ ಮೊದಲು ಕೈಯಾಡಿಸಿ ಸರಿಮಾಡಬೇಕು. ಪ್ಲೆಬ್ಸ್ಟರ ಹಂಚು ಒಂದರ ಅಂಚನ್ನು ಒಂದು ಕಚ್ಚಿ ಕೂರುತ್ತಿತ್ತು. ಗಾಳಿ ಎತ್ತುತ್ತಿರಲಿಲ್ಲ, ಆಟಿಯ ಮಳೆ ಒಳಗಿಳಿಯುತ್ತಿರಲಿಲ್ಲ, ಪಕ್ಕಾಸು ರೀಪುಗಳ ಮೇಲೆ ಭಾರವೂ ಕಡಿಮೆ.

ಒಂದು ಹಂಚಿನ ಹಿಂದೆ ಎಷ್ಟು ಕೈಗಳು! ದೋಣಿಯಲ್ಲಿ ಬಂದ ಮಣ್ಣನ್ನು ಇಳಿಸಬೇಕು, ನೀರೂಡಿಸಿ ಕಲಸಿ ಹದಗೊಳಿಸಬೇಕು, ಹಲಗೆಯಾಗಿ ಕೊಯ್ಯಬೇಕು, ಕಬ್ಬಿಣದ ಅಚ್ಚಿನಲ್ಲಿ ಒತ್ತಬೇಕು, ಅಂಚು ಕೆತ್ತಿ ನೆರಳಲ್ಲಿ ಒಣಗಿಸಬೇಕು, ಗೂಡಿಗೆ ಜೋಡಿಸಿ ಸೌದೆಯ ಉರಿಯಲ್ಲಿ ಬೇಯಿಸಬೇಕು, ತಟ್ಟಿ ನಾದ ಕೇಳಿ ಒಡಕನ್ನು ಬೇರೆ ಇಡಬೇಕು, ಹೊತ್ತು ಬಂದರಿಗೆ ಸಾಗಿಸಬೇಕು. ಹೊರುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ದಿನದ ಕೆಲಸಕ್ಕೆ ಮೊದಲು ಪ್ರಾರ್ಥನೆ. ಆಮೇಲೆ ಮೊನ್ನೆಯವರೆಗೆ ಒಬ್ಬರ ನೆರಳು ಒಬ್ಬರಿಗೆ ಆಗದಿದ್ದ ಮನೆಗಳಿಂದ ಬಂದವರು ಒಂದೇ ಮಣ್ಣಿನಲ್ಲಿ ಕೈಯಿಡುತ್ತಿದ್ದರು, ಒಂದೇ ಸಂಬಳದ ಸಾಲಿನಲ್ಲಿ ನಿಲ್ಲುತ್ತಿದ್ದರು. ಕ್ರೈಸ್ತರಲ್ಲದವರಿಗೂ ಅಲ್ಲಿ ಕೆಲಸವಿತ್ತು. ಜಾತಿಯನ್ನು ಪ್ರಸಂಗಪೀಠದಿಂದ ಖಂಡಿಸುವುದು ಒಂದು. ಬೇರೆ ಬೇರೆ ಜಾತಿಯ ಬೆವರು ಒಂದೇ ಚಪ್ಪರದಡಿ ಬೀಳುವ ಹಾಗೆ ಮಾಡುವುದು ಇನ್ನೊಂದು. ಬಾಸೆಲಿನವರ ಸೇವೆಯ ಅತಿ ದೊಡ್ಡ ಕೆಲಸ ಈ ಎರಡನೆಯದೇ ಎಂದು ನಾನು ಹೇಳುತ್ತೇನೆ.

ಕುದ್ರೋಳಿಯಲ್ಲಿ, ಮಲ್ಪೆಯಲ್ಲಿ, ಮಲಬಾರಿನ ಊರುಗಳಲ್ಲಿ ಕಾರ್ಖಾನೆಗಳು ಎದ್ದವು. ಹಂಚು ಸಿಲೋನಿಗೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಊರಿನ ಇತರ ಉದ್ಯಮಿಗಳು, ಮುಖ್ಯವಾಗಿ ಕೊಂಕಣಿ ಕ್ಯಾಥೊಲಿಕರು, ಅದೇ ಹೊಳೆಯ ದಡದಲ್ಲಿ ತಮ್ಮ ಚಿಮಣಿಗಳನ್ನು ಎಬ್ಬಿಸಿದರು. ವ್ಯಾಪಾರ ನೋಡಿಕೊಳ್ಳಲು ಬಾಸೆಲಿನಲ್ಲಿ 1859ರಲ್ಲೇ ಬೇರೆ ಕಂಪನಿ ಹುಟ್ಟಿತ್ತು.

ನೆರಳಿನ ಭಾಗವನ್ನೂ ಹೇಳಬೇಕು. ಭಾನುವಾರ ಪಾಪಕ್ಷಮೆ ಸಾರುವ ಮಿಶನ್ನೇ ಸೋಮವಾರದಿಂದ ಸಂಬಳ ಕೊಡುವ ಧಣಿಯಾದರೆ ಸಭೆಯ ಸದಸ್ಯ ಯಾರ ಮುಂದೆ ದೂರು ಹೇಳಬೇಕು? ಮನೆ ಮಿಶನ್ನಿನದು, ಮಕ್ಕಳ ಶಾಲೆ ಮಿಶನ್ನಿನದು, ಸ್ಮಶಾನವೂ ಮಿಶನ್ನಿನದು. ಕುಡಿದರೆ, ಹಳೆಯ ಮನೆಯ ಭೂತಕೋಲ ನೋಡಲು ಹೋದರೆ ಸಭೆಯ ಶಿಸ್ತಿಗೆ ಒಳಗಾಗಬೇಕು, ಕರ್ತನ ಭೋಜನದಿಂದ ದೂರ ನಿಲ್ಲಬೇಕು. ಗಂಜಿಯ ಪ್ರಶ್ನೆಗೆ ಉತ್ತರ ಕೊಟ್ಟ ಕೈಯೇ ಕೊರಳ ಸುತ್ತ ಬಿಗಿಯಾಯಿತು. ಊರವರಾದ ಉಪದೇಶಿಗಳು ಬಿಸಿಲಲ್ಲಿ ಹಳ್ಳಿ ಹಳ್ಳಿ ಅಲೆದರು. ಸಭೆಯ ದೊಡ್ಡ ತೀರ್ಮಾನಗಳು ಬಹುಕಾಲ ಬಿಳಿಯರ ಸಮಿತಿಯಲ್ಲೇ ಆದವು. ಕೌಂಡಿನ್ಯರಿಗೆ ಸಿಕ್ಕ ಸ್ಥಾನ ಅವರಿಗಷ್ಟೇ ಉಳಿಯಿತು. ಅಂಥ ಇನ್ನೂ ಹತ್ತು ಮಂದಿಯನ್ನು ಬೆಳೆಸಬಹುದಾಗಿದ್ದ ಮಿಶನ್ ಬೆಳೆಸಲಿಲ್ಲ.

ಬಿಲ್ಲವರ ವಿಷಯದಲ್ಲೂ ಹೀಗೆಯೇ ಒಂದು ದೊಡ್ಡ ಬಾಗಿಲು ಅರ್ಧಕ್ಕೇ ನಿಂತಿತು. 1869–70ರ ಹೊತ್ತಿಗೆ ಆ ಸಮುದಾಯದಲ್ಲಿ ಮನ್ನಣೆಗಾಗಿ ಬಲವಾದ ತುಡಿತ ಎದ್ದಿತ್ತು. ಅರಸಪ್ಪ ಎಂಬ ಮುಂದಾಳು ನೋಡಿದ್ದು ಬಂಗಾಳದ ಬ್ರಹ್ಮಸಮಾಜದ ಕಡೆಗೆ. ಮಂಗಳೂರಿನಲ್ಲಿ ಬ್ರಹ್ಮಸಮಾಜ ಬೇರೂರಿದ ಕಥೆ ಅಲ್ಲಿಂದ ಶುರುವಾಗುತ್ತದೆ. ಮುಂದೆ ದಲಿತರಿಗಾಗಿ ಜೀವ ತೇಯ್ದ ಕುದ್ಮುಲ್ ರಂಗರಾಯರು ಆ ಸಮಾಜದವರೇ. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಮಿಶನ್ನಿನ ಹಂಚಿನ ಕಾರ್ಖಾನೆಯಿದ್ದ ಕುದ್ರೋಳಿಯಲ್ಲೇ ಬಿಲ್ಲವರು ತಮ್ಮ ದೇವರನ್ನು ತಾವೇ ಪೂಜಿಸುವ ಗುಡಿ ಎದ್ದಿತು. ಇದನ್ನು ಮಿಶನ್ನಿನ ಸೋಲು ಎಂದು ಬರೆದವರಿದ್ದಾರೆ. ಹಾಗನ್ನಲು ನನ್ನಿಂದಾಗದು. ಕುಲ ಕೀಳಲ್ಲ, ನಾವೂ ಓದಬಹುದು, ನಾವೂ ತಲೆಯೆತ್ತಿ ನಡೆಯಬಹುದು ಎಂಬ ಮಾತು ಊರಿನ ಗಾಳಿಯಲ್ಲಿ ಹರಡಿತ್ತು. ಆ ಮಾತನ್ನು ಜೋರಾಗಿ ಆಡಿದವರಲ್ಲಿ ಈ ಸಭೆಯೂ ಒಂದು. ಕೇಳಿದವರು ತಮಗೆ ಬೇಕಾದ ದಾರಿ ಹಿಡಿದರು.

ಮುದ್ರಣಾಲಯದ ಕಥೆಯಲ್ಲಿ ನನ್ನನ್ನು ಬೆರಗುಗೊಳಿಸುವ ಸಂಗತಿ ಒಂದಿದೆ. ತಾವು ಒಪ್ಪದಿದ್ದುದನ್ನೂ ಇವರು ಶ್ರದ್ಧೆಯಿಂದ ಅಚ್ಚು ಹಾಕಿದರು. ಮೋಗ್ಲಿಂಗ್ ಮತ್ತು ಜತೆಯವರು 1848ರಿಂದ ಕೆಲವೇ ವರ್ಷಗಳಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಮುದ್ರಿಸಿದರು. ಅಲ್ಲಿಯ ತನಕ ಓಲೆಗರಿಯಲ್ಲೂ ನಾಲಗೆಯಲ್ಲೂ ಇದ್ದ ಪುರಂದರ, ಕನಕರು ಪುಸ್ತಕವಾದದ್ದು ಒಬ್ಬ ಪಾದ್ರಿಯ ಕೈಯಿಂದ. ಭೂತಾರಾಧನೆಯನ್ನು ಭಾನುವಾರ ಭಾನುವಾರ ಖಂಡಿಸುತ್ತಿದ್ದ ಮಿಶನ್ನಿನ ಅಚ್ಚುಕೂಟದಲ್ಲೇ 1886ರಲ್ಲಿ ಮಿಶನರಿ ಮೆನ್ನರ್ ಸಂಗ್ರಹಿಸಿದ ತುಳು ಪಾಡ್ದನಗಳು, ಅಂದರೆ ಭೂತಗಳ ಕಥೆಯ ಹಾಡುಗಳು, ಅಚ್ಚಾದವು, ಅದೇ ವರ್ಷ ಅವರ ತುಳು–ಇಂಗ್ಲಿಷ್ ನಿಘಂಟೂ ಬಂತು. 1847ರಷ್ಟು ಹಿಂದೆಯೇ ಹೊಸ ಒಡಂಬಡಿಕೆ ತುಳುವಿಗೆ ಬಂದಿತ್ತು, ಕನ್ನಡ ಲಿಪಿಯಲ್ಲಿ. ತುಳುವನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕುವ ಪದ್ಧತಿ ಇಂದಿಗೂ ನಿಂತಿರುವುದರಲ್ಲಿ ಈ ಪುಸ್ತಕಗಳ ಪಾಲು ದೊಡ್ಡದು. ಪಂಜೆ ಮಂಗೇಶರಾಯರ ಮಕ್ಕಳ ಪುಸ್ತಕಗಳೂ ಇದೇ ಅಚ್ಚುಕೂಟದವು. ಜನರ ನಂಬಿಕೆಯನ್ನು ಬದಲಿಸಲು ಬಂದವರು ಅವರ ಮಾತನ್ನು ಇಷ್ಟು ಪ್ರೀತಿಸಿದರು ಎಂಬುದನ್ನು ಯಾವ ಪರ ವಿರೋಧದ ವಾದಕ್ಕೂ ಸುಲಭವಾಗಿ ಹೊಂದಿಸಲಾಗದು. ಹೊಂದಿಸುವ ಅಗತ್ಯವೂ ಇಲ್ಲ.

1853ರಲ್ಲಿ ಬಂದ ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು. 1,700ಕ್ಕೂ ಹೆಚ್ಚು ಪುಟ. ಅದರ ಒಂದೊಂದು ಪುಟದಲ್ಲೂ ಕನ್ನಡ, ಇಂಗ್ಲಿಷ್ ಅಕ್ಷರಗಳು, ಹಲವು ಭಾಷೆಗಳ ಸಂಕೇತಗಳು. ಮೊಳೆ ಮೊಳೆಯಾಗಿ ಅದನ್ನು ಜೋಡಿಸಿದವರ ಕಣ್ಣು, ತಾಳ್ಮೆಗಳನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

1914ರ ಯುದ್ಧ ಎಲ್ಲವನ್ನೂ ತಲೆಕೆಳಗು ಮಾಡಿತು. ನಿನ್ನೆಯ ತನಕ ಕಲೆಕ್ಟರರ ಜತೆ ಕೂತಿದ್ದ ಜರ್ಮನ್ ಪಾದ್ರಿಗಳು ರಾತ್ರೋರಾತ್ರಿ ಶತ್ರುದೇಶದ ಪ್ರಜೆಗಳಾದರು. ಅಹಮದನಗರದ ಶಿಬಿರ, ಅಲ್ಲಿಂದ ಊರಿಗೆ ಗಡೀಪಾರು. ಕಾರ್ಖಾನೆ, ಮಗ್ಗಗಳನ್ನು ಸರಕಾರ ವಶಮಾಡಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಎಂಬತ್ತು ವರ್ಷ ಬಾಸೆಲಿನ ಕಡೆ ನೋಡುತ್ತಿದ್ದ ಸಭೆಗೆ ಹಣವೂ ನಿಂತಿತು, ಆಜ್ಞೆಯೂ ನಿಂತಿತು. ಬಲ್ಮಠದ ಆರಾಧನೆ ಮಾತ್ರ ನಿಲ್ಲಲಿಲ್ಲ. ಸಭೆಯ ಹಿರಿಯರು, ಉಪದೇಶಿಗಳು, ಇಲ್ಲಿಯವರೇ ಆದ ಸಭಾಪಾಲಕರು ಶಾಲೆಗಳನ್ನೂ ಸಭೆಗಳನ್ನೂ ಹಿಡಿದು ನಡೆಸಿದರು. ಕಾಣಿಕೆ ಡಬ್ಬಿಯ ಬಿಡಿಕಾಸು ಆಗ ಮೊದಲ ಬಾರಿಗೆ ಸಭೆಯ ನಿಜವಾದ ಆದಾಯವಾಯಿತು. ಮಿಶನ್ನಿನ ಸಭೆ ಮಂಗಳೂರಿನ ಸಭೆಯಾದದ್ದು ಈ ಕಷ್ಟದ ವರ್ಷಗಳಲ್ಲಿ. ಇತಿಹಾಸದ ಪುಸ್ತಕಗಳು ಇದನ್ನು ನಷ್ಟದ ಕಾಲವೆಂದು ನಾಲ್ಕು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಇದು ಸಭೆಯ ಎರಡನೆಯ ಹುಟ್ಟು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಪರಂಪರೆಗಳು ಒಂದಾದ ಆ ಐಕ್ಯದೊಳಗೆ ಬಾಸೆಲ್ ಪರಂಪರೆಯ ಸಭೆಗಳೂ ಕಲೆತವು. ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು ಸೇರುವುದಕ್ಕೆ 1968ರವರೆಗೆ ಹಿಡಿಯಿತು. 1970ರಲ್ಲಿ ಕರ್ನಾಟಕದ ಸಭಾಪ್ರಾಂತಗಳ ಮರುವಿಂಗಡಣೆಯಾದಾಗ ದಕ್ಷಿಣ ಸಭಾಪ್ರಾಂತ ರೂಪುಗೊಂಡಿತು. ಇಂದು ಅದರ ಕೇಂದ್ರ ಬಲ್ಮಠವೇ. ಬಿಷಪ್ ಎಂಬ ಪದವಿಯೇ ಇಲ್ಲದೆ ನೂರು ವರ್ಷ ನಡೆದ ಸಭೆಗೆ ಈಗ ಬಿಷಪ್ ಇದ್ದಾರೆ. ಬಾಸೆಲಿನ ಮಾತೃಸಂಸ್ಥೆ 2001ರಿಂದ ‘ಮಿಶನ್ 21’ ಎಂಬ ಒಕ್ಕೂಟದ ಭಾಗ.

ಇವತ್ತಿನ ಬಲ್ಮಠದಲ್ಲಿ ಶಾಲೆಗಳಿವೆ, ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿದೆ. ದೇವಶಾಸ್ತ್ರವನ್ನು ಕನ್ನಡದಲ್ಲಿ ಕಲಿಸುವುದು ಆ ಕಾಲೇಜಿನ ಹಿರಿಮೆ. ಸುಗ್ಗಿಯ ಹಬ್ಬದಲ್ಲಿ ಇಂಥ ಸಭೆಗಳವರು ತೆಂಗಿನಕಾಯಿ, ಬಾಳೆಗೊನೆ, ಅಕ್ಕಿ, ತರಕಾರಿ ತಂದು ಒಪ್ಪಿಸುತ್ತಾರೆ, ಆರಾಧನೆ ಮುಗಿದ ಮೇಲೆ ಅವು ಏಲಂ ಆಗುತ್ತವೆ. ಒಂದು ಹಲಸಿನಹಣ್ಣಿಗೆ ಪೇಟೆಯ ದರದ ಹತ್ತು ಪಾಲು ಕೂಗಿ ಕೊಂಡುಹೋಗುವ ಖುಷಿಯನ್ನು ನೋಡಬೇಕು. ಕಾಣಿಕೆಯ ದುಡ್ಡಿನಿಂದಲೇ ಸಭೆ ನಡೆಯಬೇಕು ಎಂಬ 1914ರ ಪಾಠವೂ ಆ ಕೂಗಿನಲ್ಲಿ ಸೇರಿದೆ.

ಸೇವೆಯ ಹಳೆಯ ರೂಪಗಳು ಉಳಿದಿಲ್ಲ. ತಾರಸಿ ಮನೆಗಳ ಕಾಲದಲ್ಲಿ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೊಳೆಯ ದಡದ ಜಾಗಗಳಿಗೆ ಬೇರೆ ಬೆಲೆ ಬಂತು. ಊರು ಮಾತ್ರ ಈಗಲೂ ಹೊರಗಿನಿಂದ ಬಂದವರ ದುಡಿಮೆಯ ಮೇಲೆಯೇ ಬೆಳೆಯುತ್ತಿದೆ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬಂದ ಗಾರೆ ಕೆಲಸದವರು ಬೆಳಗ್ಗೆ ವೃತ್ತಗಳಲ್ಲಿ ಕೂಲಿಗೆ ಕಾದು ನಿಲ್ಲುತ್ತಾರೆ. ಗಂಜಿಯ ಪ್ರಶ್ನೆಗೆ ಒಮ್ಮೆ ಮಗ್ಗ, ಹಂಚುಗಳಿಂದ ಉತ್ತರ ಕೊಟ್ಟ ಸಭೆ ಇವರ ಮಕ್ಕಳ ಶಾಲೆಯ ಬಗ್ಗೆ, ಕೆಲಸದ ಜಾಗದಲ್ಲಿ ಬಿದ್ದವನ ಪರಿಹಾರದ ಬಗ್ಗೆ ಏನು ಮಾಡಬಲ್ಲದು ಎಂದು ಕೇಳುವ ಹಕ್ಕು ಅದರ ಇತಿಹಾಸವೇ ನಮಗೆ ಕೊಟ್ಟದ್ದು. ಇದನ್ನು ಆಕ್ಷೇಪವಾಗಿ ಅಲ್ಲ, ಈ ಸಭೆಯಿಂದ ಹೆಚ್ಚಿನದನ್ನು ನಿರೀಕ್ಷಿಸಬಹುದು ಎಂಬ ಭರವಸೆಯಿಂದಲೇ ಕೇಳುತ್ತಿದ್ದೇನೆ.

ಸಂಶೋಧಕರಿಗೆ ಇನ್ನೊಂದು ಮಾತು. ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರರು ಈ ಬಲ್ಮಠದ ಹಳೆಯ ಪುಸ್ತಕ, ಕಡತಗಳ ಮೇಲೆ ವರ್ಷಗಟ್ಟಲೆ ದುಡಿದರು. ಅವರಂಥವರಿಂದ ನಮಗೆ ಪತ್ರಿಕೆ ಗೊತ್ತು, ನಿಘಂಟು ಗೊತ್ತು. ಕಿಟೆಲರಿಗೆ ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಅವರ ನಿಘಂಟಿಗೆ ಮೊಳೆ ಜೋಡಿಸಿದವರು ಯಾರು, ಜೆಪ್ಪುವಿನಲ್ಲಿ ಮಣ್ಣು ತುಳಿದವರು ಯಾರು, ಖಾಕಿಯ ಬಣ್ಣದ ಹಂಡೆಯ ಮುಂದೆ ನಿಂತವರು ಯಾರು? ಬಾಸೆಲ್ ಪರಂಪರೆಯ ಸಭೆಗಳು ದೀಕ್ಷಾಸ್ನಾನ, ಮದುವೆ, ಮರಣಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಬಂದಿವೆ. ಬಾಸೆಲಿನ ಕಡತಾಗಾರದಲ್ಲಿ ಕಾರ್ಖಾನೆಗಳ ವರದಿಗಳೂ ಛಾಯಾಚಿತ್ರಗಳೂ ಇವೆ, ಎಷ್ಟೋ ಚಿತ್ರಗಳು ಈಗ ಕೂತಲ್ಲೇ ನೋಡಲು ಸಿಗುತ್ತವೆ. ಚಿತ್ರದಲ್ಲಿ ಸಾಲಾಗಿ ನಿಂತ ಕೆಲಸಗಾರರಿಗೆ ಸಭೆಯ ಪುಸ್ತಕದ ಹೆಸರುಗಳನ್ನು ಜೋಡಿಸುವ ಕೆಲಸ ಬಾಕಿ ಇದೆ. ತುಳು, ಕನ್ನಡ, ಜರ್ಮನ್ ಮೂರೂ ಬೇಕಾಗುವ ಕೆಲಸ ಅದು. ಮಂಗಳೂರಿನಲ್ಲಿ ಮೂರನ್ನೂ ಬಲ್ಲ ಹಿರಿಯರು ಇರುವಾಗಲೇ ಯಾವುದಾದರೂ ವಿಶ್ವವಿದ್ಯಾಲಯ ಇದನ್ನು ಕೈಗೆತ್ತಿಕೊಳ್ಳಬೇಕು.